ನಿದ್ದೆಗೆಟ್ಟ ಹನ್ನೊಂದು ಪೆಟ್ಟಿಗೆಗಳು

ನನ್ನ ತಂಗಿ ನನಗೆ ಒಂದೇ ಒಂದು ಕೆಲಸ ಹೇಳಿ ಹೋಗಿದ್ದಳು. ಎರಡು ದಿನಕ್ಕೊಮ್ಮೆ ಪಂಪ್‌ಶೆಡ್ಡಿನ ಮೇಲೇರಿ ಸೋಲಾರ್ ಗಾಜನ್ನು ಒದ್ದೆ ಬಟ್ಟೆಯಿಂದ ಒರೆಸಬೇಕು, ಅದರ ಕೆಳಗಿನ ಪೆಟ್ಟಿಗೆಯಲ್ಲಿ ಹಸಿರು ದೀಪ ಮಿನುಗುತ್ತಿದೆಯೇ ನೋಡಬೇಕು. ನಾನು ಅದನ್ನು ಮಾಡಲಿಲ್ಲ. ಮರೆತೆ ಎಂದು ಹೇಳುವಂತಿದ್ದರೆ ಇದನ್ನು ಬರೆಯುವ ಅಗತ್ಯವೇ ಇರುತ್ತಿರಲಿಲ್ಲ. ಮರೆತಿರಲಿಲ್ಲ. ದಿನವೂ ಆ ಶೆಡ್ಡಿನ ಮುಂದೆಯೇ ಹಾಯುತ್ತಿದ್ದೆ, ದಿನವೂ ತಲೆ ಎತ್ತಿ ನೋಡುತ್ತಿದ್ದೆ.

ನಮ್ಮದು ಇಂಡಿ ತಾಲೂಕು, ಅಗರಖೇಡದ ಕಡೆಯ ಊರು. ನಿಂಬೆ ತೋಟವೇ ನಮ್ಮ ಬದುಕು. ನಾನು ಓದಿದ್ದು ಆರನೆಯ ಇಯತ್ತೆಯವರೆಗೆ. ಬಿಡಿಸಿದವರು ಯಾರೂ ಇಲ್ಲ. ಸಾಲಿಗೆ ಹೋಗುತ್ತೇನೆಂದು ಹೊರಟು ನಿಂಬೆ ಗಿಡಗಳ ನೆರಳಿನಲ್ಲಿ ಪಾಟಿಚೀಲ ತಲೆಗಿಟ್ಟು ಮಲಗುತ್ತಿದ್ದವನು ನಾನೇ. ತಂಗಿ ನನಗಿಂತ ಒಂಬತ್ತು ವರ್ಷ ಚಿಕ್ಕವಳು. ಅವಳು ವಿಜಯಪುರದಲ್ಲಿ ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮಾಡಿ, ಹೊಲಗಳಲ್ಲಿ ಮಣ್ಣಿನ ತೇವ ಅಳೆಯುವ ಯಂತ್ರ ಕೂಡಿಸುವ ಒಂದು ಸಣ್ಣ ಸಂಸ್ಥೆಗೆ ಸೇರಿದಳು. ಸ್ಕೂಟಿಯ ಮೇಲೆ ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಎಂದು ತಿರುಗುತ್ತಿದ್ದಳು. ಕೊರಳಲ್ಲಿ ಅವಳ ಫೋಟೊ ಇದ್ದ ಗುರುತಿನ ಚೀಟಿ ಜೋತಾಡುತ್ತಿತ್ತು. ಮನೆಗೆ ಬಂದಾಗ ಅವಳು ಅದನ್ನು ಗೂಟಕ್ಕೆ ಸಿಕ್ಕಿಸಿದರೆ ಅವ್ವ ಹೋಗಿ ಬಂದು ಅದನ್ನು ಸೆರಗಿನಿಂದ ಒರೆಸುತ್ತಿದ್ದಳು. ನನ್ನ ಕಣ್ಣಿಗೆ ಅದು ಬೀಳುತ್ತಿತ್ತು.

ಓದಿಲ್ಲದಿದ್ದರೂ ನನಗೂ ಒಂದು ವಿದ್ಯೆ ಇತ್ತು. ನಿಂಬೆ ಬೆಳೆಯುವವರಿಗೆ ಗೊತ್ತು: ಬೇಸಗೆಗೆ ಕಾಯಿ ಬೇಕಾದರೆ ಮಳೆ ನಿಂತ ಮೇಲೆ ಗಿಡಕ್ಕೆ ನೀರು ನಿಲ್ಲಿಸಬೇಕು. ಎಲೆ ಬಾಡಬೇಕು, ಒಂದಿಷ್ಟು ಉದುರಬೇಕು. ಗಿಡಕ್ಕೆ ತಾನು ಸಾಯುತ್ತೇನೆ ಅನ್ನಿಸಬೇಕು. ಆ ಹೊತ್ತಿಗೆ ಸರಿಯಾಗಿ ನೀರು ಬಿಟ್ಟರೆ ಮೈತುಂಬ ಹೂ ಬಿಡುತ್ತದೆ. ಬೇಗ ಬಿಟ್ಟರೆ ಬರೀ ಚಿಗುರು, ತಡವಾದರೆ ಟೊಂಗೆಗಳು ಒಣಗುತ್ತವೆ. ಆ ದಿನವನ್ನು ಹೇಳುವವನು ನಾನಾಗಿದ್ದೆ. ಬುಡದ ಹತ್ತಿರ ಮೊಳದುದ್ದ ಅಗೆದು, ಮಣ್ಣು ಮುಷ್ಟಿಯಲ್ಲಿ ಹಿಚುಕಿ, ಕೈ ಬಿಚ್ಚಿ ಅದು ಹೇಗೆ ಒಡೆಯುತ್ತದೆ ನೋಡಿ, ಇವತ್ತಲ್ಲ, ನಾಳಿದ್ದು ಎನ್ನುತ್ತಿದ್ದೆ. ಸುತ್ತಲಿನ ಹತ್ತು ತೋಟದವರು ಆ ದಿನಗಳಲ್ಲಿ ನನ್ನನ್ನು ಕರೆದೊಯ್ಯಲು ಬರುತ್ತಿದ್ದರು. ಪಕ್ಕದ ತೋಟದ ಕಾಕಾ ಅಂತೂ ಮೋಟರ್ ಸೈಕಲ್ ತಂದು ಹಿಂದೆ ಕೂಡಿಸಿಕೊಂಡು ಹೋಗಿ, ಹಗ್ಗ ಹೆಣೆದ ಹೊರಸಿನ ಮೇಲೆ ಕಂಬಳಿ ಹಾಸಿ ಚಹಾ ಕೊಡುತ್ತಿದ್ದ. ವರ್ಷದಲ್ಲಿ ಹದಿನೈದು ಇಪ್ಪತ್ತು ದಿನ ನಾನು ದೊಡ್ಡ ಮನುಷ್ಯ.

ಆ ವರ್ಷ ತಂಗಿ ಹನ್ನೊಂದು ಸಣ್ಣ ಪೆಟ್ಟಿಗೆಗಳನ್ನು ತಂದಳು. ನಮ್ಮ ತೋಟಕ್ಕೊಂದು, ಉಳಿದ ಹತ್ತು ತೋಟಗಳಿಗೆ ಒಂದೊಂದು. ಪ್ರತಿಯೊಂದರಿಂದ ಎರಡು ಉಕ್ಕಿನ ಕಡ್ಡಿಗಳು ಮಣ್ಣಿಗಿಳಿಯುತ್ತಿದ್ದವು, ಒಂದು ಮೊಳ ಆಳಕ್ಕೆ, ಇನ್ನೊಂದು ಎರಡು ಮೊಳ ಆಳಕ್ಕೆ. ಸುದ್ದಿ ಒಂದು ಪೆಟ್ಟಿಗೆಯಿಂದ ಮತ್ತೊಂದಕ್ಕೆ ಗಾಳಿಯಲ್ಲೇ ದಾಟಿ ನಮ್ಮ ಪಂಪ್‌ಶೆಡ್ಡಿನ ಮೇಲಿನ ಮುಖ್ಯ ಪೆಟ್ಟಿಗೆಗೆ ಬರುತ್ತಿತ್ತು. ಅದರೊಳಗೆ ಸಿಮ್ ಇತ್ತು, ಮೇಲೆ ಸೋಲಾರ್ ಗಾಜು. ಅಲ್ಲಿಂದ ತಂಗಿಯ ಫೋನಿಗೆ, ಆಮೇಲೆ ತೋಟದವರ ಫೋನಿಗೆ: ನೀರು ಬಿಡಿರಿ, ಇಲ್ಲವೆ ಇನ್ನೂ ಕಾಯಿರಿ. ನಾನು ಮುಷ್ಟಿ ಬಿಚ್ಚಿ ಹೇಳುತ್ತಿದ್ದ ಅದೇ ಮಾತು.

ಕಾಕಾನ ತೋಟದಲ್ಲಿ ಎಲ್ಲರನ್ನೂ ಸೇರಿಸಿ ಅವಳು ತಿಳಿಸಿ ಹೇಳಿದ ದಿನ ಹೊರಸಿನ ಮೇಲೆ ಕಂಬಳಿ ಹಾಸಿದ್ದು ಅವಳಿಗೆ. ನನಗೆ ಕಾಕಾ, ಒಳಗೆ ಹೋಗಿ ಚಹಾ ಆಯಿತೇನು ನೋಡಿ ಬಾ ಎಂದ. ನಾನು ತಂದ ತಾಟಿನಿಂದ ಅವಳು ಕಪ್ಪು ತೆಗೆದುಕೊಳ್ಳುತ್ತಾ ಮಾತು ಮುಂದುವರಿಸಿದಳು.

"ಇವು ಮಲಗೂ ಪೆಟ್ಟಿಗಿರಿ. ತಾಸಿಗೊಮ್ಮೆ ಎಲ್ಲಾ ಕೂಡೇ ಎಚ್ಚರಾಗ್ತಾವ, ನಾಕೈದು ಸೆಕೆಂಡ ಮಾತಾಡ್ತಾವ, ಮತ್ತ ಮಲಗ್ತಾವ. ಅದಕ್ಕ ಒಂದ ಸೆಲ್ಲಿನ ಮ್ಯಾಲ ಎರಡ ವರ್ಷ ಬಾಳ್ತಾವ."

"ನಮ್ಮ ಮನ್ಯಾಗೂ ಅಂಥಾ ಒಬ್ಬಾಂವ ಅದಾನವಾ" ಎಂದ ಕಾಕಾ, ತನ್ನ ಅಳಿಯನ ಕಡೆ ನೋಡಿ. "ಆದ್ರ ಅಂವಾ ತಾಸಿಗೊಮ್ಮೆ ಅಲ್ಲ, ಊಟದ ಹೊತ್ತಿಗಷ್ಟ ಎಚ್ಚರಾಗ್ತಾನ."

ಎಲ್ಲರೂ ನಕ್ಕರು. ನನ್ನ ತಲೆಯಲ್ಲಿ ಒಂದು ಪ್ರಶ್ನೆ ಎದ್ದಿತ್ತು: ಒಂದರ ಗಡಿಯಾರ ಮುಂದೆ, ಇನ್ನೊಂದರದು ಹಿಂದೆ ಆದರೆ? ಒಬ್ಬ ಕೂಗುವಾಗ ಮತ್ತೊಬ್ಬ ಮಲಗಿದ್ದರೆ? ಕೇಳಲು ಬಾಯಿ ತೆರೆಯುವಷ್ಟರಲ್ಲಿ ಕಾಕಾನ ಅಳಿಯ ಅದನ್ನೇ ಕೇಳಿಬಿಟ್ಟ. ತಂಗಿಯ ಮುಖ ಅರಳಿತು. ಇದೇ ನೋಡ್ರಿ ಖರೇ ಪ್ರಶ್ನೆ ಎಂದಳು. ಆ ಹೊಗಳಿಕೆ ನನಗೆ ಬರಬೇಕಾಗಿತ್ತು ಎಂದು ಖಾಲಿ ತಾಟು ಹಿಡಿದು ನಿಂತು ಉರಿದುಕೊಂಡೆ.

ಅವಳು ಹೇಳಿದ್ದು ನನಗೆ ಒಂದಕ್ಷರ ಬಿಡದೆ ನೆನಪಿದೆ. ಬಿಸಿಲಿಗೆ ಒಂದೊಂದರ ಗಡಿಯಾರ ಒಂದೊಂದು ರೀತಿ ಓಡುತ್ತದೆ. ಅದಕ್ಕೇ ಮುಖ್ಯ ಪೆಟ್ಟಿಗೆ ತಾಸಿಗೊಮ್ಮೆ ಹೊತ್ತು ಎಷ್ಟೆಂದು ಕೂಗುತ್ತದೆ, ಹನ್ನೊಂದೂ ತಮ್ಮ ಗಡಿಯಾರ ತಿದ್ದಿಕೊಳ್ಳುತ್ತವೆ. ಆ ಕೂಗು ಕೇಳದಿದ್ದರೆ ಅವು ಮಲಗುವುದಿಲ್ಲ.

"ಮಾತಾಡೂದಕ್ಕಷ್ಟ ಖರ್ಚ ಅಂತ ತಿಳೀಬ್ಯಾಡ್ರಿ ಕಾಕಾ. ಸುಮ್ನ ಕಿವಿಗೊಟ್ಟ ಕುಂದ್ರೂದಕ್ಕೂ ಅಷ್ಟ ಕರೆಂಟ ಬೇಕ. ಮುಖ್ಯ ಪೆಟ್ಟಿಗಿ ಕೂಗಲಿಲ್ಲಂದ್ರ ಇವು ನಿದ್ದಿಗೆಟ್ಟು ಕಾಯ್ಕೋತ ಕುಂದ್ರತಾವ. ಎರಡ ವರ್ಷದ ಸೆಲ್ಲು ಎರಡ ವಾರಕ್ಕ ಖಾಲಿ."

ಅವಳ ಸಾಹೇಬರು ಕಾಲು ತಾಸಿಗೊಮ್ಮೆ ಎಚ್ಚರವಾಗಲಿ ಎಂದಿದ್ದರಂತೆ, ಇಲ್ಲದಿದ್ದರೆ ಗಡಿಯಾರಗಳು ಅಷ್ಟರಲ್ಲೇ ದಾರಿ ತಪ್ಪುತ್ತವೆ ಎಂದು. ತಾಸಿಗೊಮ್ಮೆ ಸಾಕು, ಸೆಲ್ಲು ಉಳಿಯುತ್ತದೆ ಎಂದು ವಾದ ಮಾಡಿ ಒಪ್ಪಿಸಿದವಳು ಇವಳು. ಈ ಹನ್ನೊಂದು ತೋಟಗಳಲ್ಲಿ ಈ ಸಲ ಸರಿಯಾಗಿ ನಡೆದರೆ ಮುಂದೆ ಎಲ್ಲ ಕಡೆಗೂ ಅವಳು ಹಾಕಿದ ಲೆಕ್ಕದ ಹಾಗೆಯೇ ಕೂಡಿಸುವುದು, ಅವಳ ಕೆಲಸವೂ ಕಾಯಂ ಆಗುವುದು ಎಂದು ಮಾತಾಗಿತ್ತು. ಇದನ್ನು ಅವಳು ಊಟಕ್ಕೆ ಕೂತಾಗ ಅವ್ವನಿಗೆ ಹೇಳಿದಳು. ಅವ್ವ ಅವಳ ತಾಟಿಗೆ ಇನ್ನೊಂದು ರೊಟ್ಟಿ ಹಾಕಿದಳು. ನನ್ನ ತಾಟು ಖಾಲಿಯಾಗಿದ್ದು ಅವಳ ಗಮನಕ್ಕೆ ಬರಲಿಲ್ಲ.

ನಂತರ ತಂಗಿಗೆ ಮೂರು ವಾರ ಬೇರೆ ಕಡೆ ಕೆಲಸ ಬಿತ್ತು, ಮೊದಲು ಸಿಂದಗಿಯ ಕನ್ನೊಳ್ಳಿ, ಆಮೇಲೆ ಮುದ್ದೇಬಿಹಾಳದ ಕಡೆ. ಹೊರಡುವಾಗ ನನ್ನನ್ನು ಶೆಡ್ಡಿನ ಮೇಲೆ ಹತ್ತಿಸಿ, ಗಾಜು ಹೇಗೆ ಒರೆಸಬೇಕು, ಹಸಿರು ದೀಪ ಎಲ್ಲಿದೆ ಎಂದು ತೋರಿಸಿದಳು. ಅಕ್ಕಪಕ್ಕದ ಹೊಲಗಳಲ್ಲಿ ಸಜ್ಜೆ ಒಕ್ಕಿ ರಾಶಿ ಮಾಡುವುದು ಶುರುವಾಗಿದೆ, ಹೊಟ್ಟು ಹಾರಿ ಕೂರುತ್ತದೆ, ಅದಕ್ಕೇ ಹೇಳುತ್ತಿದ್ದೇನೆ ಎಂದಳು. ಕೆಳಗೆ ನಿಂತಿದ್ದ ಅವ್ವ, "ಇಷ್ಟಾದ್ರೂ ನೆಟ್ಟಗ ಮಾಡಪಾ" ಎಂದಳು. ತಂಗಿ ನನ್ನ ಪರವಾಗಿ ಮಾತಾಡಿದಳು.

"ಅಣ್ಣಗ ಇದರಾಗಿಂದೆಲ್ಲಾ ಏನ ತಿಳೀಬೇಕವ್ವಾ, ಪಾಪ. ಒರಸಿದ್ರ ಸಾಕ."

ಆ 'ಪಾಪ' ಎಂಬ ಮಾತು ಎದೆಯಲ್ಲಿ ಮುಳ್ಳಿನಂತೆ ಉಳಿಯಿತು. ಕಾಕಾನ ಹೊರಸಿನ ಸುತ್ತ ಕೂತಿದ್ದ ಎಲ್ಲರಿಗಿಂತ ಚೆನ್ನಾಗಿ ನನಗೆ ತಿಳಿದಿತ್ತು.

ಮೊದಲ ನಾಲ್ಕು ದಿನ ಒರೆಸಿದೆ. ಐದನೆಯ ದಿನ ಪಕ್ಕದ ಹೊಲಕ್ಕೆ ರಾಶಿ ಮಷಿನ್ ಬಂತು. ಇಡೀ ದಿನ ಹೊಟ್ಟು ಹಾರಿತು. ಮರುದಿನ ಬೆಳಗಿನ ಇಬ್ಬನಿಗೆ ಅದು ಗಾಜಿಗೆ ಮೆತ್ತಿಕೊಂಡು, ಮಧ್ಯಾಹ್ನದ ಬಿಸಿಲಿಗೆ ಸಾರಿಸಿದ ನೆಲದ ಹಾಗೆ ಪದರಗಟ್ಟಿತು. ನಾನು ಕೆಳಗೆ ನಿಂತು ನೋಡಿದೆ. ಬಟ್ಟೆ ಹೆಗಲ ಮೇಲೇ ಇತ್ತು. ನಿಚ್ಚಣಿಕೆ ಗೋಡೆಗೆ ಆನಿಸಿಯೇ ಇತ್ತು. ನಾಳೆ ಒರೆಸಿದರಾಯಿತು ಅಂದುಕೊಂಡೆ. ಮರುದಿನವೂ ಹಾಗೇ. ಅದರ ಮರುದಿನ ನಾಳೆ ಎಂಬ ನೆಪವನ್ನೂ ಬಿಟ್ಟೆ. ದೀಪ ಮಿನುಗುವುದು ವಿರಳವಾಯಿತು, ಆಮೇಲೆ ನಿಂತಿತು. ಎಲ್ಲಿ ಯಾವ ಪೆಟ್ಟಿಗೆ ಏನು ಮಾಡುತ್ತಿರಬಹುದು ಎಂದು ನನಗೆ ಕಣ್ಣಿಗೆ ಕಟ್ಟಿದ ಹಾಗೆ ಗೊತ್ತಿತ್ತು. ಹನ್ನೊಂದೂ ಹನ್ನೊಂದು ತೋಟಗಳಲ್ಲಿ ಕಣ್ಣು ಬಿಟ್ಟುಕೊಂಡು, ಬಾರದ ಕೂಗಿಗೆ ಕಿವಿಗೊಟ್ಟು, ತಮ್ಮ ಸೆಲ್ಲನ್ನು ತಾವೇ ತಿನ್ನುತ್ತಾ ಕೂತಿದ್ದವು.

ತಂಗಿ ಫೋನು ಮಾಡಿದಳು. ಸುದ್ದಿ ಬರುತ್ತಿಲ್ಲವಲ್ಲ, ದೀಪ ಇದೆಯೇ ಎಂದು ಕೇಳಿದಳು.

"ದೀಪ ಐತಿ" ಎಂದೆ. "ಇಲ್ಲಿ ಟಾವರ್ ಬಂದ್ ಬಿದ್ದೈತಿ ನೋಡು. ನಾ ಈಗ ಊರ ಮುಂದ ಬಂದ ಮಾತಾಡಾಕತ್ತೇನಿ."

ನಮ್ಮ ತೋಟದ ಕಡೆ ಟವರ್ ಹೋಗುವುದು ಹೊಸದೇನಲ್ಲ. ಅವಳು ನಂಬಿದಳು. ಹಾಗಾದರೆ ಚಿಂತೆ ಇಲ್ಲ, ಟವರ್ ಬಂದ ಮೇಲೆ ಕೂಡಿಟ್ಟ ಸುದ್ದಿಯೆಲ್ಲ ಒಮ್ಮೆಗೇ ಬರುತ್ತದೆ ಎಂದು ನನಗೇ ಸಮಾಧಾನ ಹೇಳಿದಳು. ಗಾಜು ಒರೆಸುತ್ತಿದ್ದೀಯಲ್ಲ ಎಂದಳು. ಹೂಂ ಎಂದೆ. ಹೀಗೆ ನಾಲ್ಕು ಸಲ ಕೇಳಿದಳು, ನಾಲ್ಕು ಸಲ ಹೂಂ ಎಂದೆ.

ತೋಟದವರ ಫೋನಿಗೆ ಮಾತು ಬರುವುದು ನಿಂತಿತು. ಎಲೆಗಳು ಬಾಡುತ್ತಿದ್ದವು, ನೀರು ಬಿಡುವ ದಿನ ಹತ್ತಿರವಾಗುತ್ತಿತ್ತು. ಎರಡು ದಿನ ಕಾದರು. ಮೂರನೆಯ ದಿನ ಕಾಕಾ ಮೋಟರ್ ಸೈಕಲ್ ತಂದು ನಮ್ಮ ಅಂಗಳದಲ್ಲಿ ನಿಲ್ಲಿಸಿದ. ಹತ್ತಪಾ, ನಿನ್ನ ಕೈಯೇ ಗತಿ ಎಂದ. ನಾನು ಹೋದೆ. ಅಗೆದು, ಹಿಚುಕಿ, ಮುಷ್ಟಿ ಬಿಚ್ಚಿದೆ. ಹತ್ತಿರ ನಿಂತವರೆಲ್ಲ ನನ್ನ ಅಂಗೈಯನ್ನು ಬಗ್ಗಿ ನೋಡಿದರು. ಆ ಸುಖವನ್ನು ಸುಳ್ಳೆಂದು ಹೇಳಲಾರೆ. ಒಂದು ವಾರ ನನ್ನ ಕಾಲು ನೆಲದ ಮೇಲೆ ಇರಲಿಲ್ಲ.

ಆದರೆ ಕಾಕಾನ ತೋಟದ ಒಂದು ಭಾಗ ದಿಬ್ಬದ ಮೇಲಿದೆ. ಅಲ್ಲಿ ಮೊಳದ ಕೆಳಗೆ ಗರಸು ಕಲ್ಲು, ನೀರು ನಿಲ್ಲುವುದಿಲ್ಲ. ನನ್ನ ಮುಷ್ಟಿಗೆ ಮೇಲಿನ ಮಣ್ಣಷ್ಟೇ ಸಿಕ್ಕಿತು. ಎರಡು ದಿನ ತಡವಾಗಿ ಹೇಳಿದೆ. ಇಪ್ಪತ್ತು ಗಿಡಗಳು ಎಲೆಯೆಲ್ಲ ಉದುರಿಸಿ ಕಡ್ಡಿಯಾಗಿ ನಿಂತವು. ಕಾಕಾ ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಪೆಟ್ಟಿಗೆ ನಂಬಿ ಮೊದಲೇ ನಿನ್ನನ್ನು ಕರೆಯದೆ ಕೆಟ್ಟೆ ಎಂದ. ನನ್ನ ತಪ್ಪು ತಂಗಿಯ ತಲೆಯ ಮೇಲೆ ಬೀಳುತ್ತಿದ್ದುದನ್ನು ನೋಡುತ್ತಾ ಅವನ ಹೊರಸಿನ ಮೇಲೆ ಕೂತು ಚಹಾ ಕುಡಿದೆ.

ತಂಗಿ ಬರುವ ಹಿಂದಿನ ದಿನ ಬೆಳಿಗ್ಗೆ ನಿಚ್ಚಣಿಕೆ ಹತ್ತಿ ಗಾಜು ಒರೆಸಿದೆ. ಮೂರು ಸಲ ನೀರು ಹಾಕಿ ಉಜ್ಜಿದೆ. ನನ್ನ ಹೆಂಡತಿ ಕೆಳಗೆ ಎಮ್ಮೆಗೆ ಮೇವು ಹಾಕುತ್ತಿದ್ದಳು.

"ಇಷ್ಟ ದಿನ ಇಲ್ಲದ್ದು ಇವತ್ಯಾಕ ಒರಸಾಕತ್ತೀರಿ?"

ನಾನು ಬಟ್ಟೆ ಹಿಂಡಿ ಮತ್ತೊಮ್ಮೆ ಉಜ್ಜಿದೆ. ಅವಳು ಮತ್ತೆ ಕೇಳಲಿಲ್ಲ, ಆದರೆ ಆ ದಿನವೆಲ್ಲ ನನ್ನ ಮುಖ ನೋಡಿ ಮಾತಾಡಲೂ ಇಲ್ಲ. ಸಂಜೆಯ ಹೊತ್ತಿಗೆ ಹಸಿರು ದೀಪ ಮತ್ತೆ ಮಿನುಗತೊಡಗಿತು. ಒಮ್ಮೆ ಪೂರ್ತಿ ಆರಿ ಮತ್ತೆ ಹತ್ತಿದ್ದರಿಂದ ಆ ಪೆಟ್ಟಿಗೆಯಲ್ಲಿ ಹಿಂದಿನ ದಿನಗಳ ಗುರುತು ಏನೂ ಉಳಿದಿರಲಿಲ್ಲ. ಇದು ನನಗೆ ಆಗ ಗೊತ್ತಿರಲಿಲ್ಲ. ಗೊತ್ತಾದಾಗ ಒಳಗೊಳಗೇ ಹಗುರಾದೆ ಎಂಬುದನ್ನೂ ಹೇಳಿಬಿಡುತ್ತೇನೆ.

ತಂಗಿ ಬಂದಳು. ಗಾಜು ಫಳಫಳ ಹೊಳೆಯುತ್ತಿತ್ತು, ದೀಪ ಇತ್ತು. ಹನ್ನೊಂದು ತೋಟ ತಿರುಗಿದಳು. ಹನ್ನೊಂದೂ ಸತ್ತಿದ್ದವು. ಎಲ್ಲವನ್ನೂ ಕಿತ್ತು ಬುಟ್ಟಿಯಲ್ಲಿ ತಂದು ಅಂಗಳದಲ್ಲಿ ಚಾಪೆಯ ಮೇಲೆ ಸಾಲಾಗಿ ಇಟ್ಟಳು. ಒಂದೊಂದನ್ನೂ ಬಿಚ್ಚಿ, ತನ್ನ ಲ್ಯಾಪ್‌ಟಾಪಿಗೆ ವೈರು ಸಿಕ್ಕಿಸಿ, ಎಷ್ಟು ಹೊತ್ತು ಎಚ್ಚರವಿತ್ತು ಎಂದು ಒಂದು ಹಾಳೆಯ ಮೇಲೆ ಬರೆದುಕೊಂಡಳು. ಮುಖ್ಯ ಪೆಟ್ಟಿಗೆಯ ಮೇಲೆ ಅವಳಿಗೆ ಅನುಮಾನ ಬರಲಿಲ್ಲ. ಅದನ್ನು ಅಣ್ಣ ನೋಡಿಕೊಂಡಿದ್ದನಲ್ಲ. ಕೂಡಿಟ್ಟ ಸುದ್ದಿ ಬಾರದ್ದಕ್ಕೂ ಈ ಪೆಟ್ಟಿಗೆಗಳು ಏನೂ ಕಳಿಸದೇ ಇದ್ದದ್ದೇ ಕಾರಣ ಎಂದುಕೊಂಡಳು. ಹಾಗಾದರೆ ಬಿಸಿಲಿಗೆ ಇವುಗಳ ಗಡಿಯಾರಗಳೇ ಹಿಂದೆಮುಂದಾಗಿವೆ, ತಾಸಿಗೊಮ್ಮೆ ತಿದ್ದಿದ್ದು ಸಾಲಲಿಲ್ಲ, ಸಾಹೇಬರು ಹೇಳಿದ್ದೇ ಸರಿ ಎಂಬ ತೀರ್ಮಾನಕ್ಕೆ ಬಂದಳು. ಎರಡು ದಿನ ಅದೇ ಚಾಪೆಯ ಮೇಲೆ ಕೂತು ಲೆಕ್ಕ ಮಾಡಿದಳು. ಲೆಕ್ಕ ಕೂಡುತ್ತಿರಲಿಲ್ಲ. ಗಡಿಯಾರಗಳು ಅಷ್ಟು ತಪ್ಪುವುದು ಸಾಧ್ಯವಿಲ್ಲ ಎಂದು ತನ್ನಷ್ಟಕ್ಕೆ ಅನ್ನುತ್ತಿದ್ದಳು, ಮತ್ತೆ ಮೊದಲಿನಿಂದ ಶುರು ಮಾಡುತ್ತಿದ್ದಳು. ಅವ್ವ ರೊಟ್ಟಿ ತಂದಿಟ್ಟರೆ ಅದು ಹಾಗೇ ಒಣಗುತ್ತಿತ್ತು.

ನಾನು ಆಚೆ ಈಚೆ ಓಡಾಡುತ್ತಿದ್ದೆ. ಅವಳ ಅಂಥ ಮುಖ ನೋಡಬೇಕೆಂದು ಎಷ್ಟೋ ಸಲ ಬಯಸಿದ್ದೆ. ನೋಡಿದಾಗ ಅದು ಅವಳ ಆರೇಳು ವರ್ಷದ ಮುಖವೇ ಆಗಿತ್ತು. ಸಾಲಿಯಲ್ಲಿ ಮಾಡದ ತಪ್ಪಿಗೆ ಹೊಡೆಸಿಕೊಂಡು ಬಂದು, ತಾನೇ ಏನೋ ಮಾಡಿರಬೇಕು ಎಂದು ಯೋಚಿಸುತ್ತಾ ಕೂರುತ್ತಿದ್ದ ಮುಖ.

ಮೂರನೆಯ ದಿನ ಮಧ್ಯಾಹ್ನ ಅವಳು ನನ್ನನ್ನು ಹತ್ತಿರ ಕರೆದಳು. ಕಚೇರಿಗೆ ಕೊಡಲು ಒಂದು ಪತ್ರ ಬರೆದಿದ್ದಳು. ಅದನ್ನು ನಾಳೆ ತೋಟದವರ ಮುಂದೆಯೂ ಓದಬೇಕು, ಅವರಿಗೆ ತಿಳಿಯುತ್ತದೋ ಇಲ್ಲವೋ, ನೀನು ಕೇಳಿ ಹೇಳು ಎಂದಳು. ಓದಿದಳು. 'ಸಾಹೇಬರು ಬೇಡವೆಂದರೂ ತಾಸಿಗೊಮ್ಮೆ ಎಂದು ಹಟ ಮಾಡಿದ್ದು ನಾನು, ಪೆಟ್ಟಿಗೆಗಳು ಸತ್ತದ್ದು ನನ್ನ ಲೆಕ್ಕದ ತಪ್ಪಿನಿಂದ, ತೋಟದವರ ಗಿಡಗಳಿಗೆ ಆದ ಹಾನಿಗೂ ನಾನೇ ಹೊಣೆ, ಈ ಕೆಲಸಕ್ಕೆ ಬೇರೆಯವರನ್ನು ನೇಮಿಸಬೇಕು.' ಇಷ್ಟು ಓದಿ ತಲೆ ಎತ್ತಿದಳು.

"ತಿಳೀತೇನ ಅಣ್ಣಾ?"

"ತಿಳೀತು" ಎಂದೆ.

ಅದೇ ಹೊತ್ತಿಗೆ ಹೇಳಬೇಕಾಗಿತ್ತು. ಚಾಪೆಯ ಮೇಲೆ ನಾವಿಬ್ಬರೇ ಇದ್ದೆವು. ಹೇಳಲಿಲ್ಲ. ಎದ್ದು ಹೋಗಿ ಎಮ್ಮೆಗೆ ನೀರು ತೋರಿಸಿದೆ. ಮೊದಲು ಗಾಜು ಒರೆಸಲಿಲ್ಲ, ಆಮೇಲೆ ಬಾಯಿ ತೆರೆಯಲಿಲ್ಲ. ಎರಡನೆಯದೇ ದೊಡ್ಡ ತಪ್ಪು ಎಂದು ಈಗ ಅನ್ನಿಸುತ್ತದೆ.

ಮರುದಿನ ಬೆಳಿಗ್ಗೆ ಕಾಕಾನ ತೋಟದಲ್ಲಿ ಎಲ್ಲರೂ ಕೂಡಿದರು. ಈ ಸಲ ಕಂಬಳಿ ಹಾಸಿದ ಹೊರಸಿನ ಮೇಲೆ ನನ್ನನ್ನು ಕೂಡಿಸಿದರು. ತಂಗಿ ಬೇವಿನ ಮರದ ಹತ್ತಿರ ಬುಟ್ಟಿ ಇಟ್ಟುಕೊಂಡು ನಿಂತಿದ್ದಳು. ಅವಳಿಗೆ ಕೂರು ಎಂದು ಯಾರೂ ಅನ್ನಲಿಲ್ಲ.

"ನಿನ್ನ ಪೆಟ್ಟಿಗಿ ಎಂಥಾ ನಿದ್ದಿ ಹೊಡದ್ವಲವಾ" ಎಂದ ಕಾಕಾ. "ಎಬ್ಬಿಸಿದ್ರೂ ಏಳವಲ್ವು."

ಅಳಿಯ ಜೋರಾಗಿ ನಕ್ಕ. ಅವು ಸತ್ತದ್ದು ನಿದ್ದೆ ಹೋಗಿ ಅಲ್ಲ, ನಿದ್ದೆಯೇ ಇಲ್ಲದೆ. ಅಲ್ಲಿ ಕೂಡಿದವರಲ್ಲಿ ಅದು ನೆನಪಿದ್ದವರು ನಾವಿಬ್ಬರೇ. ತಂಗಿ ವಾದಿಸಲಿಲ್ಲ. ಪತ್ರ ಬಿಚ್ಚಿ ಓದತೊಡಗಿದಳು. ದನಿ ಗಟ್ಟಿಯಾಗಿಯೇ ಇತ್ತು. 'ನನ್ನ ಲೆಕ್ಕದ ತಪ್ಪಿನಿಂದ' ಎಂಬಲ್ಲಿಗೆ ಬಂದಾಗ ಆ ಸಾಲನ್ನು ಇನ್ನೊಮ್ಮೆ ಮೊದಲಿನಿಂದ ಓದಿದಳು. ಅದನ್ನು ಕೇಳಿ ನಾನು ಹೊರಸಿನಿಂದ ಇಳಿದೆ.

"ನಿಂದ್ರ ತಂಗಿ" ಎಂದೆ. "ಅದನ್ನ ಓದಬ್ಯಾಡ. ಅದು ಸುಳ್ಳ ಐತಿ."

ಎಲ್ಲರೂ ನನ್ನ ಕಡೆ ತಿರುಗಿದರು. ಕಾಕಾ, ನಿನಗೆ ಅದರ ಗೊಡವೆ ಯಾಕಪಾ, ಓದಲಿ ಬಿಡು ಎಂದ. ನಾನು ಅವನನ್ನು ನೋಡದೆ ಹೇಳತೊಡಗಿದೆ. ಹೊಟ್ಟು ಕೂತದ್ದು ಯಾವ ದಿನ, ದೀಪ ಆರಿದ್ದು ಯಾವ ದಿನ, ಟವರ್ ಬಗ್ಗೆ ಹೇಳಿದ ಸುಳ್ಳು, ಕೊನೆಯ ದಿನ ಗಾಜು ಉಜ್ಜಿದ್ದು. ಮುಖ್ಯ ಪೆಟ್ಟಿಗೆ ಕೂಗದಿದ್ದರೆ ಇವು ಹೇಗೆ ಸಾಯುತ್ತವೆ ಎಂಬುದನ್ನು ಅವಳು ಹೇಳಿದ ಮಾತುಗಳಲ್ಲೇ ಹೇಳಿದೆ, ಅವನಿಗೆ ಗೊತ್ತಿರಲಿಲ್ಲ ಎಂದು ನಾಳೆ ಯಾರೂ ನನ್ನನ್ನು ಬಿಡಿಸಬಾರದು ಎಂದು. ದಿಬ್ಬದ ಮೇಲಿನ ಇಪ್ಪತ್ತು ಗಿಡ ಉದುರಿದ್ದು ನನ್ನ ಮುಷ್ಟಿಯ ತಪ್ಪು ಎಂದೆ. ಎರಡು ಮೊಳ ಆಳಕ್ಕಿಳಿದ ಕಡ್ಡಿ ಬದುಕಿದ್ದರೆ ಅವು ಉಳಿಯುತ್ತಿದ್ದವು ಎಂದೆ.

ಕಾಕಾ ನನ್ನ ಎದುರಿಗೆ ಬಂದು ನಿಂತ.

"ಒಡಹುಟ್ಟಿದಾಕಿಗೆ ಹಿಂಗ ಮಾಡಿದೇನೋ?" ಎಂದ.

ತಂಗಿ ಹಾಳೆ ಮಡಚಿದಳು. ನನ್ನನ್ನು ನೋಡಿದಳು. ಸಿಟ್ಟಿಗಿಂತ ಮೊದಲು ಅವಳ ಮುಖದಲ್ಲಿ ಬಂದದ್ದು ಲೆಕ್ಕ ಕೂಡಿದ ನಿರಾಳ. ಸಿಟ್ಟು ಆಮೇಲೆ ಬಂತು.

"ಯಾಕಣ್ಣಾ?" ಎಂದಳು. ಅಷ್ಟೇ ಕೇಳಿದಳು.

ಏನೇನೋ ನೆಪಗಳು ನಾಲಿಗೆಗೆ ಬಂದವು. ಎಲ್ಲವನ್ನೂ ನುಂಗಿದೆ. ಎಲ್ಲರಿಗೂ ಕೇಳುವ ಹಾಗೆ ಹೇಳಿದೆ:

"ಹೊಟ್ಟಿಕಿಚ್ಚ ತಂಗಿ. ಬ್ಯಾರೆ ಏನೂ ಇಲ್ಲ. ಇವರೆಲ್ಲಾ ನನ್ನ ಬಿಟ್ಟು ನಿನ್ನ ಕೇಳಾಕತ್ತಿದ್ರು, ನಂಗ ತಡಕೊಳ್ಳಾಕ ಆಗಲಿಲ್ಲ. ನಿನ್ನ ಲೆಕ್ಕ ಸರಿ ಇತ್ತು. ನಾ ತಪ್ಪ ಮಾಡೇನಿ, ಬೇಕಂತ ಮಾಡೇನಿ. ನನ್ನ ಕ್ಷಮಿಸವ್ವಾ."